ಒಂದೇ ಅಡುಗೆಮನೆಯ ಎರಡು ರಾಜಧಾನಿಗಳು

ನನ್ನ ತವರು ಬೀಳಗಿ ತಾಲೂಕಿನ ಅನಗವಾಡಿ. ಹೊಳೆದಂಡೆಯ ಊರು. ಅದು ಎಂದೂ ಯಾರ ರಾಜಧಾನಿಯೂ ಆಗಿರಲಿಲ್ಲ. ಯಾವ ರಾಜನೂ ಅಲ್ಲಿ ಅರಮನೆ ಕಟ್ಟುವ ಮನಸ್ಸು ಮಾಡಲಿಲ್ಲ. ಹಾಗಾಗಿ ಊರಿನ ಹೆಸರು ಹಿಡಿದು ಜಗಳಾಡುವುದು ಅಂದರೇನು ಅಂತ ಜಮಖಂಡಿಗೆ ಸೊಸೆಯಾಗಿ ಬರುವ ತನಕ ನನಗೆ ಗೊತ್ತಿರಲಿಲ್ಲ. ಬಂದ ಮರುದಿನ ಬೆಳಿಗ್ಗೆಯೇ ಗೊತ್ತಾಯಿತು. ಒಲೆಯ ಮುಂದೆ ಕೂತಿದ್ದ ಅತ್ತೆ ಪಡಸಾಲೆಯ ಕಡೆ ಗದ್ದ ಎತ್ತಿ, "ಜಮಖಂಡಿ ಎದ್ದೈತೇನು ನೋಡು, ಚಾ ಕೊಡು" ಅಂದರು. ಇಡೀ ಊರಿಗೆ ಚಹಾ ಕೊಡಲು ಪಾತ್ರೆ ಎಲ್ಲಿಂದ ತರಲಿ ಅಂತ ನಾನು ನಿಂತಲ್ಲೇ ನಿಂತಿದ್ದೆ. ಅಷ್ಟರಲ್ಲಿ ಪಡಸಾಲೆಯಿಂದ ಮಾವನವರ ದನಿ ಬಂತು: "ಮುಧೋಳಕ್ಕ ಹೇಳವಾ, ಸಕ್ರಿ ಕಡಿಮಿ ಹಾಕಂತ."

ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ನಾನು ಅದನ್ನು ಪಾಲಿಸುವುದಿಲ್ಲ. ಸಿಟ್ಟು ಬಂದಾಗ ನನ್ನ ಗಂಡ ಈಶ್ವರನನ್ನು ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದೇ ಕೂಗುತ್ತೇನೆ. ಅತ್ತೆ ಮುತ್ತವ್ವ ಹಾಗಲ್ಲ. ಅವರು ಗಂಡನನ್ನು ಅವನ ಊರಿನ ಹೆಸರಿನಿಂದಲೇ ಕರೆದರು. ಮಾವ ಮುರಗೆಪ್ಪ ಸುಮ್ಮನಿರುವ ಪೈಕಿ ಅಲ್ಲ, ಅವರೂ ಹೆಂಡತಿಯನ್ನು ಅವಳ ತವರಿನ ಹೆಸರಿನಿಂದಲೇ ಕರೆದರು. ಹೀಗೆ ನಮ್ಮ ಮನೆಯಲ್ಲಿ ಮುಧೋಳಕ್ಕೆ ಮೊಣಕಾಲು ನೋಯುತ್ತಿತ್ತು, ಜಮಖಂಡಿಗೆ ರಾತ್ರಿ ಬದನೆಕಾಯಿ ಜೀರ್ಣವಾಗುತ್ತಿರಲಿಲ್ಲ.

ಈ ಎರಡೂ ಊರುಗಳು ಹಿಂದೆ ಒಂದೊಂದು ಸಂಸ್ಥಾನದ ರಾಜಧಾನಿಗಳು. ಬಸ್ಸು ಹತ್ತಿ, ಪಕ್ಕದಲ್ಲಿ ಕೂತವರ ಮನೆಯ ಕಥೆ ಕೇಳಿ ಮುಗಿಸುವುದರೊಳಗೆ ಒಬ್ಬ ರಾಜನ ರಾಜಧಾನಿಯಿಂದ ಇನ್ನೊಬ್ಬ ರಾಜನ ರಾಜಧಾನಿ ಬಂದುಬಿಡುತ್ತದೆ. ಇಬ್ಬರು ರಾಜರ ಮನೆಮಾತೂ ಮರಾಠಿ. ಅವರ ಪರವಾಗಿ ಇವತ್ತಿಗೂ ಹೊಡೆದಾಡುವ ನಮ್ಮ ಅತ್ತೆ ಮಾವ ಮಾತ್ರ ಅಪ್ಪಟ ಕನ್ನಡದಲ್ಲಿ ಹೊಡೆದಾಡುತ್ತಾರೆ. ರಾಜರು ಹೋದರು, ಸಂಸ್ಥಾನಗಳು ಹೋದವು, ಈಗ ಎರಡೂ ಬರೀ ತಾಲೂಕು. ಜಿಲ್ಲೆಯ ಕೆಲಸ ಬಿದ್ದರೆ ಎರಡು ರಾಜಧಾನಿಯವರೂ ಬಾಗಲಕೋಟೆಗೆ ಹೋಗಿ ಒಂದೇ ಸರದಿಯಲ್ಲಿ ನಿಲ್ಲಬೇಕು. ಇದನ್ನು ನಾನು ಒಮ್ಮೆ ಬಾಯಿಬಿಟ್ಟು ಅಂದಿದ್ದಕ್ಕೆ ಅತ್ತೆ ಮಾವ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಂದರು. ಅವರು ಒಂದೇ ಪಕ್ಷದಲ್ಲಿದ್ದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಯುದ್ಧ ಶುರುವಾದದ್ದು ಅತ್ತೆ ಮಾವನ ಮದುವೆಯ ದಿನ, ಇದೇ ಮನೆಯ ಹೊಸ್ತಿಲಲ್ಲಿ. ಹೊಸ ಸೊಸೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ಕೈ ಹಿಡಿದು ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳಿದರೆ ಒಳಗೆ ಬಿಡುವುದಿಲ್ಲ. ಎರಡು ಸಾಲು ಕಟ್ಟಿ, ಪ್ರಾಸ ಕೂಡಿಸಿ, ನಡುವೆ ಹೆಸರು ಸೇರಿಸಬೇಕು. ಅದಕ್ಕೆ ಒಡಪು ಅನ್ನುತ್ತೇವೆ. ದಿಬ್ಬಣದ ಗಾಡಿಯಲ್ಲಿ ಬರುವಾಗ ಜಮಖಂಡಿಯ ಹೆಂಗಸರು, ಮುಧೋಳದಲ್ಲಿ ಆ ಹೆಸರುವಾಸಿ ಬೇಟೆನಾಯಿ ಬಿಟ್ಟರೆ ಮತ್ತೇನಿದೆ ಅಂತ ದಾರಿಯುದ್ದಕ್ಕೂ ಕಾಡಿದ್ದರಂತೆ. ಮದುಮಗಳು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡರು. ಹೊಸ್ತಿಲ ಮುಂದೆ ನಿಂತು ತಲೆ ಎತ್ತಿದರು.

"ಗಾಳಿಗಿಂತ ಮುಂದ ಓಡತೈತಿ ಮುಧೋಳದ ನಾಯಿ,
ಮುರಗೆಪ್ಪನ ಹೆಸರ ಹೇಳೇನಿ, ಮುಚ್ಚರಿ ನಿಮ್ಮ ಬಾಯಿ."

ಹೆಂಗಸರು ನಕ್ಕು ನಕ್ಕು ಆರತಿ ತಟ್ಟೆ ಕೆಳಗಿಟ್ಟರಂತೆ. ಆದರೆ ಗಂಡನ ಹೆಸರೂ ನಾಯಿಯೂ ಒಂದೇ ಉಸಿರಿನಲ್ಲಿ ಬಂದದ್ದಕ್ಕೆ ಮಾವನವರಿಗೆ ತಲೆಕೆಟ್ಟು ಹೋಯಿತು. ಆಮೇಲೆ ಎಷ್ಟೋ ದಿನ ಅವರು ಪೇಟೆಯಲ್ಲಿ ಹೊರಟರೆ ಗೆಳೆಯರು ಹಿಂದಿನಿಂದ ಸಿಳ್ಳೆ ಹಾಕಿ "ಛೂ" ಅನ್ನುತ್ತಿದ್ದರು. ಮದುವೆಯ ದಿನ ಊಟಕ್ಕೆ ಕೂತಾಗ ಗಂಡನೂ ಹೆಂಡತಿಯ ಹೆಸರು ಒಡಪಿನಲ್ಲಿ ಹೇಳಬೇಕಿತ್ತು. ಮಾವ ತುಟಿ ಬಿಗಿದು, ತಲೆ ತಗ್ಗಿಸಿ ಹೋಳಿಗೆ ತಿಂದರೇ ಹೊರತು ಹೆಸರು ಹೇಳಲಿಲ್ಲ. ಅವತ್ತು ಹೇಳದ ಹೆಸರು ಹಾಗೇ ಉಳಿದುಹೋಯಿತು.

ಮಾವನವರದು ಬನಹಟ್ಟಿ ಸೀರೆಯ ಅಂಗಡಿ. ಮನೆಯ ಮುಂಭಾಗವೇ ಅಂಗಡಿ, ಹಿಂದೆ ಅಡುಗೆಮನೆ. ಸೀರೆ ಕೊಳ್ಳಲು ಬಂದವರು ಸೆರಗು ಬಿಚ್ಚಿ ನೋಡುವುದರೊಳಗೆ ಜಮಖಂಡಿಯ ಒಂದು ಅಚ್ಚರಿಯ ಸಂಗತಿ ಅವರ ಕಿವಿಗೆ ಬಿದ್ದಿರುತ್ತಿತ್ತು. ಪುಣೆಯ ದೊಡ್ಡ ಕಾಲೇಜೊಂದಕ್ಕೆ ನಮ್ಮ ರಾಜರ ಹೆಸರಿದೆ ಅನ್ನುವುದು ಅವರಿಗೆ ಬಲು ಇಷ್ಟದ ಸಂಗತಿ. ಪುಣೆಯ ಹುಡುಗರ ಪುಣ್ಯ ಬಿಡಿ, ಆವಾಗ ಜಮಖಂಡಿಯ ಹುಡುಗರು ಎಲ್ಲಿ ಓದಿದರು ಕೇಳಿ ಅಂತ ಒಳಗಿನಿಂದ ಅತ್ತೆ ಅನ್ನುತ್ತಿದ್ದರು. ದೇಶ ಸ್ವತಂತ್ರವಾದ ಮೇಲೆ ಸಂಸ್ಥಾನಗಳ ಪೈಕಿ ಮೊಟ್ಟಮೊದಲು ದೇಶಕ್ಕೆ ಸೇರಿದ್ದು ಜಮಖಂಡಿ ಅಂತ ಊರೆಲ್ಲ ಹೇಳುತ್ತದೆ. ಮಾವ ಅದನ್ನು ತಾವೇ ಸಹಿ ಹಾಕಿದಂತೆ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಆಟ ಬಿಟ್ಟು ಎದ್ದವರು ಅಂತ ಅತ್ತೆ ಅದನ್ನೇ ತಿರುಗಿಸುತ್ತಿದ್ದರು. ರಾಮತೀರ್ಥದ ಗುಡ್ಡದ ಮೇಲಿನ ಅರಮನೆಯ ಮಾತು ಬಂದರೆ, ಊರಿನ ಜನರ ಮುಖ ನೋಡುವುದು ಬೇಡ ಅಂತಲೇ ಅಷ್ಟು ಎತ್ತರ ಕಟ್ಟಿಸಿದ್ದು ಅನ್ನುತ್ತಿದ್ದರು. ಗಿರಾಕಿಗಳು ನಕ್ಕು ಎರಡು ಸೀರೆ ಹೆಚ್ಚಿಗೆ ಒಯ್ಯುತ್ತಿದ್ದರು.

ಖರೆ ಸಂಗತಿಗಳು ಎಷ್ಟು ದಿನ ಸಾಕಾದಾವು? ತೀರಿದ ಮೇಲೆ ಮಾವ ಹೊಸವನ್ನು ನೇಯತೊಡಗಿದರು. ಜಮಖಂಡಿ ಅರಮನೆಯ ಆನೆ ಮುಧೋಳದ ಕಡೆಗೆ ಬಾಲ ಮಾಡಿಯೇ ಮಲಗುತ್ತಿತ್ತು ಅನ್ನುವುದು ಅವರ ಕೈಯದೇ ಸರಕು. ಆನೆಯ ಹೆಸರೇನು ಅಂತ ಒಮ್ಮೆ ಕೇಳಿದೆ, ಗಜಲಕ್ಷ್ಮಿ ಅಂದರು. ಸ್ವಲ್ಪ ದಿನ ಬಿಟ್ಟು ಕೇಳಿದೆ, ರಾಮಪ್ರಸಾದ ಅಂದರು. ಅತ್ತೆಯೂ ಕಡಿಮೆ ಇರಲಿಲ್ಲ. ಅವರ ಅಜ್ಜ ಮುಧೋಳದ ಅರಮನೆಗೆ ಹಾಲು ಹಾಕುತ್ತಿದ್ದನಂತೆ. ಅಷ್ಟನ್ನೇ ಹಿಡಿದುಕೊಂಡು ಅರಮನೆಯನ್ನು ತಮ್ಮ ಅಡುಗೆಮನೆಯ ಹಾಗೆ ವರ್ಣಿಸುತ್ತಿದ್ದರು. ಹಾಲಿಗೆ ಒಂದು ಹನಿ ನೀರು ಬೆರೆಸಿದರೂ ಅರಮನೆಯ ನಾಯಿ ಮೂಸಿ ತಿರುಗಿ ನಿಲ್ಲುತ್ತಿತ್ತು ಅಂತ ಒಂದು ದಿನ ಹೇಳಿದರು. ಹಾಗಾದರೆ ನಿಮ್ಮಜ್ಜ ಬೆರೆಸುತ್ತಿದ್ದ ಅಂತಾಯಿತು ಅಂದರು ಮಾವ. ಅತ್ತೆ ಒಲೆಯ ಕಡೆ ತಿರುಗಿ ಬೆಂಕಿ ಊದತೊಡಗಿದರು. ಮಾವ ಆ ಸಂತೋಷಕ್ಕೆ ಸಂಜೆ ಮನೆಮಂದಿಗೆಲ್ಲ ಮಿರ್ಚಿ ಭಜಿ ತರಿಸಿದರು.

ಇವರಿಬ್ಬರ ನಡುವೆ ಬೆಳೆದ ನನ್ನ ಗಂಡ ಯಾವ ಊರಿನ ಬಗ್ಗೆಯೂ ಒಂದು ಮಾತೂ ಆಡದ ಮನುಷ್ಯನಾದ. ಬೇಕಂತಲೇ ದೂರ ಹೋಗಿ ಲೋಕಾಪುರದಲ್ಲಿ ಗೊಬ್ಬರದ ಅಂಗಡಿ ಹಾಕಿದ. ಲೋಕಾಪುರ ಮುಧೋಳ ತಾಲೂಕಿನದು ಅಂತ ಅತ್ತೆ ಅದನ್ನೂ ತಮ್ಮ ಲೆಕ್ಕಕ್ಕೆ ಹಾಕಿಕೊಂಡರು.

ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಅತ್ತೆ ತವರಿಗೆ ಹೋಗುತ್ತಿದ್ದರು. ಅಣ್ಣ ತೀರಿಕೊಂಡಿದ್ದ, ಅಣ್ಣನ ಮಗ ಆ ಮನೆಯಲ್ಲಿದ್ದ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಗೆ ಬರುವಾಗ ಚೀಲದ ತುಂಬ ಉಂಡಿ ತರುತ್ತಿದ್ದರು. ಶೇಂಗಾ ಉಂಡಿ, ಬೇಸನ್ ಉಂಡಿ, ಎಳ್ಳುಂಡಿ. ಅಣ್ಣನ ಮನೆಯವರು ಹೇಗೆ ಉಪಚರಿಸಿದರು, ಜೋಕಾಲಿಯಲ್ಲಿ ಯಾರ ಜೊತೆ ಕೂತೆ ಎಂದು ಎರಡು ದಿನ ಹೇಳುತ್ತಿದ್ದರು. ಮಾವ ಉಂಡಿ ತಿಂದು, ಜಮಖಂಡಿಯದು ಇದಕ್ಕಿಂತ ಛಲೋ ಅನ್ನುತ್ತಿದ್ದರು. ಅನ್ನುತ್ತಲೇ ಇನ್ನೊಂದು ತೆಗೆದುಕೊಳ್ಳುತ್ತಿದ್ದರು.

ಇನ್ನು ನಮ್ಮ ಮಗಳು ಪ್ರೀತಿಯ ಸಂಗತಿ. ಅವಳು ಸಮೀರವಾಡಿಯ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅಲ್ಲಿಯೇ ಕೆಲಸ ಮಾಡುವ ನವೀನ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗ ನಮ್ಮ ಪೈಕಿಯವನೇ, ಗುಣವಂತ, ಓದಿದವನು. ಮನೆ ಮಾತ್ರ ಮುಧೋಳ. ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ನಾನು ಈ ಸುದ್ದಿ ಹೇಳಿದೆ. ಮುಧೋಳ ಗೆದ್ದಿತು ಅಂತ ಊರಿಗೆಲ್ಲ ಸಕ್ಕರೆ ಹಂಚುತ್ತಾರೆ ಅಂದುಕೊಂಡಿದ್ದೆ. ಅವರು ಕೈ ನಿಲ್ಲಿಸಿ, ಮನೆ ಯಾವ ಓಣಿ ಅಂತ ಮಾತ್ರ ಕೇಳಿದರು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು. ಅತ್ತೆಯ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿರಲೇ ಇಲ್ಲ.

ಹೆಣ್ಣು ನೋಡಲು ನವೀನನ ಜೊತೆ ಅಪ್ಪ ವೀರಣ್ಣ, ಅವ್ವ ಪದ್ಮವ್ವ ಬಂದರು. ವೀರಣ್ಣನವರಿಗೆ ಕಬ್ಬಿನ ಹೊಲ. ಹೊಲ ಕಾಯಲು ಎರಡು ಮುಧೋಳದ ನಾಯಿ ಸಾಕಿದ್ದಾರೆ. ಫೋನಿನಲ್ಲಿ ಮಗನ ಫೋಟೋಗಿಂತ ಮೊದಲು ನಾಯಿಗಳ ಫೋಟೋ ತೋರಿಸಿದರು. ಆವಾಗಲೇ ನಾನು ಮಾವನವರ ಮುಖ ನೋಡಿದೆ. ಚುರುಮುರಿಯ ಸೂಸಲ, ಶಿರಾ ಆಯಿತು, ಹುಡುಗಿಯನ್ನು ಎಲ್ಲರೂ ಒಪ್ಪಿದರು. ಚಹಾ ಬಂತು. ವೀರಣ್ಣ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ, ಹಿಂದೆ ನಮ್ಮ ಮುಧೋಳದ ರಾಜರು ಇಂಗ್ಲೆಂಡಿನ ರಾಜನಿಗೇ ಈ ನಾಯಿ ಕಾಣಿಕೆ ಕೊಟ್ಟಿದ್ದರು, ಈಗ ನಮ್ಮ ಸೈನ್ಯದಲ್ಲೂ ಇವೆ ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವ ಹೌದೇನು ಅಂದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ನಾನು ಕಣ್ಸನ್ನೆ ಮಾಡಿದೆ, ಈಶ್ವರ ಕೆಮ್ಮಿದ. ಮಾವ ಗಂಟಲು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

"ನಮ್ಮ ರಾಜರು ದೇಶಕ್ಕ ರಾಜ್ಯಾನ ಕೊಟ್ರು, ನಿಮ್ಮವರು ನಾಯಿ ಕೊಟ್ರು. ಅವರವರ ಕೈಯಾಗ ಏನಿರತೈತಿ, ಅದನ್ನ ಕೊಡತಾರ ಬಿಡ್ರಿ."

ವೀರಣ್ಣ ಬಸಿಯನ್ನು ತುಟಿಯ ತನಕ ಒಯ್ದವರು ಹಾಗೇ ಕೆಳಗಿಟ್ಟರು. ಒಂದು ಗುಟುಕೂ ಕುಡಿದಿರಲಿಲ್ಲ. ಹೆಣ್ಣು ನೋಡಲು ಬಂದವರು ಚಹಾ ಬಿಟ್ಟು ಎದ್ದರೆ ಅದರ ಅರ್ಥ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಪದ್ಮವ್ವ ಮಾತ್ರ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದರು. ಪ್ರೀತಿ ಅಜ್ಜನ ಮುಂದಿನಿಂದ ಎದ್ದಳು. ಬ್ಯಾಗು ತಗಲಿಸಿಕೊಂಡು ಕೆಲಸಕ್ಕೆ ಹೋದಳು. ನನಗೆ ಮಾವನವರನ್ನು ಅವರ ಆನೆಯ ಕಾಲಿಗೆ ಕಟ್ಟಬೇಕು ಅನ್ನಿಸಿತು.

ಅತ್ತೆ ಜಗಳಾಡಿ ಮನೆ ಎತ್ತಿ ಇಡುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ಮಾತೇ ಬಿಟ್ಟರು. ಜಮಖಂಡಿಗೆ ಊಟಕ್ಕೆ ಕರೆ ಅನ್ನುವುದೂ ನಿಂತಿತು. ತಟ್ಟೆ ಇಡುವರು, ಬಡಿಸುವರು, ಒಳಗೆ ಹೋಗುವರು. ಮೊದಲೆರಡು ದಿನ ಮಾವ ಗೆದ್ದವರ ಹಾಗೆ ಓಡಾಡಿದರು. ಆಮೇಲೆ ಅವರಿಗೆ ಊಟ ರುಚಿಸದಾಯಿತು. ಅಂಗಡಿಯಲ್ಲಿ ಆನೆಯ ಕಥೆ ಹೇಳಿ ಒಳಗಿನಿಂದ ಉತ್ತರ ಬರಲಿ ಅಂತ ಕಿವಿ ಕೊಟ್ಟು ಕೂರುವರು. ಉತ್ತರ ಬರಲಿಲ್ಲ. ಒಂದು ದಿನ ಗಿರಾಕಿಯ ಎದುರಿಗೇ, ಆನೆ ಇತ್ತೋ ಇಲ್ಲೋ ಯಾರಿಗೆ ಗೊತ್ತು ಅಂದುಬಿಟ್ಟರು.

ಆ ವಾರವೇ ಅತ್ತೆ ನನ್ನನ್ನು ಕರೆದುಕೊಂಡು ಮುಧೋಳದ ಬಸ್ಸು ಹತ್ತಿದರು. ಪದ್ಮವ್ವನ ಹತ್ತಿರ ಮಾತಾಡಿ ನೋಡೋಣ ಅಂತ. ಮುಧೋಳದಲ್ಲಿ ಇಳಿದ ಕೂಡಲೇ ಅತ್ತೆ ಪಟ್ಟದ ರಾಣಿಯ ಹಾಗೆ ನಡೆಯುತ್ತಾರೆ, ದಾರಿಯುದ್ದಕ್ಕೂ ನನಗೆ ರಾಜಧಾನಿ ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗು ತಲೆಗೆ ಎಳೆದುಕೊಂಡು ಯಾರಿಗೂ ಕಾಣಬಾರದು ಅನ್ನುವಂತೆ ಬಿರಬಿರನೆ ನಡೆದರು. ಮೊದಲು ತವರಿಗೆ ಹೋಗಿ ನೀರು ಕುಡಿದು ಹೋಗೋಣ ಅಂತ ನಾನೇ ಹಟ ಮಾಡಿದೆ. ಅವರು ಬೇಡ ಅಂದರು, ನಾನು ಬಿಡಲಿಲ್ಲ. ಒಂದು ಓಣಿಗೆ ಹೊರಳಿ ಒಂದು ಅಂಗಡಿಯ ಮುಂದೆ ನಿಂತರು. ಫ್ಲೆಕ್ಸ್ ಮುದ್ರಿಸುವ ಅಂಗಡಿ. ಯಾರದೋ ಹುಟ್ಟುಹಬ್ಬದ ಶುಭಾಶಯ ಬಾಗಿಲಿನ ಅಗಲಕ್ಕೆ ಜೋತಾಡುತ್ತಿತ್ತು.

"ಇದ ನಮ್ಮನಿ," ಅಂದರು. "ಅಣ್ಣನ ಮಗ ಮಾರಿಕೊಂಡ ಇಚಲಕರಂಜಿಗೆ ಹ್ವಾದ. ನಿಮಗ ಹೇಳಲಿಲ್ಲ. ಜಮಖಂಡಿಗೆ ತಿಳದ್ರ ನಾ ಯಾ ಊರಿನ ಹೆಸರ ತಗೊಂಡ ಜಗಳಾಡಲೇ?"

ಹಾಗಾದರೆ ಪಂಚಮಿಗೆ ಎಲ್ಲಿಗೆ ಹೋಗುತ್ತಿದ್ದಿರಿ ಅಂತ ಕೇಳಿದೆ. ಬಸ್ ಸ್ಟ್ಯಾಂಡಿಗೆ ಅಂದರು. ಬೆಂಚಿನ ಮೇಲೆ ಕೂತು, ಕಟ್ಟಿಕೊಂಡು ಹೋದ ರೊಟ್ಟಿ ತಿಂದು, ಈ ಓಣಿಗೆ ಒಮ್ಮೆ ಬಂದು ನೋಡಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಉಂಡಿ ಕೊಂಡು, ಸಂಜೆಯ ಬಸ್ಸಿಗೆ ವಾಪಸು. ವರ್ಷವರ್ಷ ನಾವು ಹೊಗಳಿ ತಿಂದ ತವರಿನ ಉಂಡಿ ಅಂಗಡಿಯವು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಆ ಹುಟ್ಟುಹಬ್ಬದವನ ಫ್ಲೆಕ್ಸ್ ಹರಿದು ಹಾಕುವಷ್ಟು ಸಿಟ್ಟೂ ಬಂತು. ತವರಿಗೆ ಹೋದ ಮಗಳಿಗೆ ಬರುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಅತ್ತೆಯ ಸೆರಗು ಅಷ್ಟು ವರ್ಷ ಬರಿದೇ ವಾಪಸು ಬಂದಿತ್ತು, ನಮ್ಮ ಪೈಕಿ ಯಾರೂ ಗಮನಿಸಿರಲಿಲ್ಲ.

ಪ್ರೀತಿ ಆ ಊರಿಗೆ ಸೊಸೆಯಾದರೆ ಮುಧೋಳದಲ್ಲಿ ತಮಗೊಂದು ಬಾಗಿಲು ತೆರೆಯುತ್ತದೆ ಅಂತ ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ರೊಟ್ಟಿ ಯಾಕೆ ಹೊತ್ತಿತು ಅಂತ ನನಗೆ ಆವಾಗ ಗೊತ್ತಾಯಿತು.

ಪದ್ಮವ್ವ ನಮ್ಮನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡರು, ಯಜಮಾನರು ಹೊಲದಲ್ಲಿದ್ದರೂ. ಅತ್ತೆಯ ಹೆಸರು ಕೇಳಿದ್ದೇ, ಗಾಳಿಗಿಂತ ಮುಂದೆ ಓಡುವ ನಾಯಿಯ ಒಡಪು ಕಟ್ಟಿದವರು ನೀವೇನು ಅಂತ ಕೈ ಹಿಡಿದುಕೊಂಡರು. ತಮ್ಮ ಮದುವೆಯಲ್ಲಿ ಅದನ್ನೇ ಮುರಗೆಪ್ಪ ತೆಗೆದು ವೀರಣ್ಣ ಹಾಕಿ ಹೇಳಿದ್ದರಂತೆ. ಮುಧೋಳದ ಅರ್ಧ ಹೆಂಗಸರು ಅದೇ ಒಡಪಿನ ಮೇಲೆ ಅತ್ತೆಮನೆ ಹೊಕ್ಕವರು ಅಂದರು. ಅತ್ತೆಯ ಮುಖದಲ್ಲಿ ಅಷ್ಟು ದಿನದ ಮೇಲೆ ಕಳೆ ಬಂತು. ಮೂವರೂ ಸೇರಿ ಒಂದು ದಾರಿ ಹುಡುಕಿದೆವು. ನಿಶ್ಚಯಕ್ಕೆ ಹೆಣ್ಣಿನ ಕಡೆಯವರು ಬಂದಾಗ ಹಿರಿಯ ಹೆಂಗಸು ಹೊಸ್ತಿಲಲ್ಲಿ ಗಂಡನ ಹೆಸರು ಹೇಳುವ ರೂಢಿ ಹೇಗೂ ಇದೆ. ತುಂಬಿದ ಮನೆಯ ಮುಂದೆ ಜಮಖಂಡಿಯವರೇ ಮುಧೋಳದ ನಾಯಿಯನ್ನು ಹೊಗಳಿದರೆ ವೀರಣ್ಣ ಚಹಾ ಕುಡಿದಾರು ಅಂತ ಪದ್ಮವ್ವ ಭರವಸೆ ಕೊಟ್ಟರು. ನಾಯಿ ಮಾತ್ರ ಇರಲೇಬೇಕು.

ಮನೆಗೆ ಬಂದು ಮಾವನವರನ್ನು ಒಪ್ಪಿಸಲು ಹೋದೆ. ಮೊಮ್ಮಗಳ ಮುಖ ನೋಡಿ ಅವರು ಆಗಲೇ ಮೆತ್ತಗಾಗಿದ್ದರು. ಬರುತ್ತೇನೆ ಅಂದರು. ಒಂದೇ ಒಂದು ಷರತ್ತು ಹಾಕಿದರು: ಒಡಪಿನಲ್ಲಿ ನಾಯಿ ಬರಬಾರದು. ಬಂದರೆ ಅಲ್ಲಿಂದಲೇ ವಾಪಸು.

ಇನ್ನು ಅತ್ತೆಯ ಪಾಡು ಕೇಳಬೇಡಿ. ನಾಯಿ ಇದ್ದೂ ಇಲ್ಲದ ಒಡಪು ಅಂದರೆ ಹೇಗೆ ಕಟ್ಟುವುದು? ಹಿಟ್ಟು ನಾದುತ್ತ ಒಂದು ಕಟ್ಟುವರು, ರೊಟ್ಟಿ ತಿರುವುವಾಗ ಅದನ್ನು ಕೆಡಿಸುವರು. ನಾಯಿಯ ಹೆಸರು ಹೇಳದೆ ಬಾಲ ಮಾತ್ರ ಹೇಳಿದರೆ ಹೇಗೆ ಅಂತ ನಾನು ಕೇಳಿದೆ. ನೀನು ಅನಗವಾಡಿಯವಳು, ಸುಮ್ಮನಿರು ಅಂದರು. ಕೊನೆಗೆ ನಾಯಿ ಇರುವುದೊಂದು, ಇಲ್ಲದ್ದೊಂದು ಎರಡು ಸಿದ್ಧ ಮಾಡಿಕೊಂಡು, ಅಲ್ಲಿ ಯಾರ ಮುಖ ಹೆಚ್ಚು ಕೆಟ್ಟಿರುತ್ತದೋ ನೋಡಿ ಹೇಳುವುದೆಂದು ನಿರ್ಧಾರವಾಯಿತು.

ನಿಶ್ಚಯದ ದಿನ ಕ್ರೂಸರ್ ಗಾಡಿ ಮಾಡಿಕೊಂಡು ಹೋದೆವು. ವೀರಣ್ಣ ಅಂಗಳದಲ್ಲಿ ಎರಡೂ ನಾಯಿಗಳನ್ನು ಸರಪಳಿ ಹಿಡಿದು ಎರಡು ಪಕ್ಕಕ್ಕೆ ನಿಲ್ಲಿಸಿಕೊಂಡು ನಿಂತಿದ್ದರು. ಅದನ್ನು ನೋಡಿದ ಮಾವ ಗಾಡಿಯಿಂದ ಇಳಿಯಲೇ ಇಲ್ಲ. ಒಡಪು ಆಗಲಿ, ಆಮೇಲೆ ನೋಡೋಣ ಅಂತ ಕಿಟಕಿಯಲ್ಲಿ ಮುಖ ಇಟ್ಟು ಕೂತರು. ಪದ್ಮವ್ವ ಬಾಗಿಲಿಗೆ ಅಡ್ಡ ಕೈ ಹಿಡಿದರು, ಹಿಂದೆ ಓಣಿಯ ಹೆಂಗಸರೆಲ್ಲ ಒಬ್ಬರ ಹೆಗಲ ಮೇಲೊಬ್ಬರು.

"ಮುಧೋಳದ ಮಗಳು ಬಂದಾಳ," ಅಂದರು ಪದ್ಮವ್ವ. "ಹೆಸರ ಹೇಳಿ ಒಳಗ ಬರ್ರಿ, ಅಕ್ಕಾರ."

ಅತ್ತೆ ಬಾಯಿ ತೆರೆದರು. ಮಾತು ಬರಲಿಲ್ಲ. ಮುಚ್ಚಿ ಮತ್ತೆ ತೆರೆದರು. ಕಣ್ಣಲ್ಲಿ ನೀರು ಬಂತು. ನಾಯಿ ಇದ್ದದ್ದೂ ಹೋಯಿತು, ಇಲ್ಲದ್ದೂ ಹೋಯಿತು. ಅವ್ವ ಹೋದ ಮೇಲೆ ಈ ಊರಿನ ಯಾವ ಬಾಗಿಲಲ್ಲೂ ಯಾರೂ ತಮ್ಮನ್ನು ಮಗಳೇ ಅಂತ ನಿಲ್ಲಿಸಿರಲಿಲ್ಲ, ಅದಕ್ಕೆ ಎಲ್ಲ ಮರೆತುಹೋಯಿತು ಅಂತ ಆಮೇಲೆ ನನಗೆ ಹೇಳಿದರು. ಹೆಂಗಸರು ಕಿಸಕ್ಕನೆ ನಕ್ಕರು. ವೀರಣ್ಣನವರ ಮುಖ ಗಂಟಾಗತೊಡಗಿತು. ಪ್ರೀತಿ ನನ್ನ ಕೈಯನ್ನು ಬಳೆ ಒತ್ತುವ ಹಾಗೆ ಹಿಡಿದಿದ್ದಳು. ಜೀವನವಿಡೀ ಸುಮ್ಮನಿರದ ಮುತ್ತವ್ವ ಸುಮ್ಮನಿರಬಾರದ ಹೊತ್ತಿನಲ್ಲಿ ಸುಮ್ಮನೆ ನಿಂತಿದ್ದರು.

ಹಿಂದೆ ಗಾಡಿಯ ಬಾಗಿಲು ಧಡ್ ಅಂದಿತು. ಮಾವ ಇಳಿದು ಬಂದರು. ನಾಯಿಗಳ ನಡುವೆಯೇ ದಾಟಿ, ಚಪ್ಪಲಿ ಬಿಟ್ಟು, ಟೋಪಿ ಸರಿ ಮಾಡಿಕೊಂಡು ಹೆಂಡತಿಯ ಪಕ್ಕದಲ್ಲಿ ನಿಂತರು. ಮದುವೆಯ ಊಟದಲ್ಲಿ ಹೇಳಬೇಕಾಗಿದ್ದು ನನ್ನದೊಂದು ಉಳಿದಿದೆ, ಅದನ್ನು ಮೊದಲು ಹೇಳುತ್ತೇನೆ ಅಂದರು. ಆಮೇಲೆ ಪದ್ಮವ್ವನವರಿಗೆ ಕೈ ಮುಗಿದು ಹೇಳಿದರು:

"ಇಂಗ್ಲೆಂಡಿನ ರಾಜಗ ಮುಧೋಳ ಕೊಟ್ಟಿದ್ದು ನಾಯಿ,
ನನಗ ಕೊಟ್ಟಿದ್ದು ಮುತ್ತವ್ವನ್ನ, ಹೆಚ್ಚಿಂದು ಯಾರಿಗೆ ಸಿಕ್ಕತು ಹೇಳ್ರಿ ತಾಯಿ."

ವೀರಣ್ಣ ತುಟಿ ಅಲ್ಲಾಡಿಸುತ್ತ ಇದು ಹೊಗಳಿಕೆಯೋ ಬೈಗುಳವೋ ಅಂತ ತೂಗುತ್ತಿದ್ದರು. ನಾಯಿ ಇದೆ, ಇಂಗ್ಲೆಂಡಿನ ರಾಜನಿದ್ದಾನೆ, ಕೊಟ್ಟದ್ದು ಮುಧೋಳ. ತೂಕ ಸರಿಹೋಯಿತು ಅಂತ ಕಾಣುತ್ತದೆ, ಮೀಸೆಯಲ್ಲಿ ನಗು ಬಂತು. ಸರಪಳಿ ಕೈಬಿಟ್ಟು ಬಂದು ಮಾವನವರ ಹೆಗಲ ಮೇಲೆ ಕೈ ಹಾಕಿದರು. ಹೆಚ್ಚಿಂದು ನಿಮಗೇ ಸಿಕ್ಕಿತು ಅಂದರು ಪದ್ಮವ್ವ. ಹೆಂಗಸರು ಹೋ ಅಂದರು. ಬಿಟ್ಟ ನಾಯಿಗಳು ಒಂದು ಸುತ್ತು ಓಡಿ ಬಂದು ಮಾವನವರ ಧೋತರ ಮೂಸಿದವು. ಅವರು ಕದಲದೆ ನಿಂತದ್ದು ಆ ದಿನದ ಎರಡನೆಯ ಅಚ್ಚರಿ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನ್ರಿ? ಹಡಗ ಹತ್ತಿದ ನಾಯಿನರ ಲಗೂ ಮುಟ್ಟಿತ್ತು."

ಅಂದವರೇ ಬಲಗಾಲಿಟ್ಟು ಒಳಗೆ ಹೋದರು. ಗದ್ದಲದಲ್ಲಿ ಅವರಿಂದ ಒಡಪು ಹೇಳಿಸುವುದು ಎಲ್ಲರಿಗೂ ಮರೆತೇಹೋಯಿತು. ಚಹಾ ಬಂದಾಗ ವೀರಣ್ಣ ಮೊದಲ ಬಸಿಯನ್ನು ಮಾವನವರ ಎದುರೇ ಸುರ್ ಅಂತ ಕುಡಿದು, ಎರಡನೆಯದನ್ನೂ ಕೇಳಿ ಕುಡಿದರು. ನಿಶ್ಚಯ ಮುಗಿಯಿತು. ಹೊರಡುವ ಹೊತ್ತಿಗೆ ಪದ್ಮವ್ವ ಹೊಸ ಸೊಸೆಯ ಉಡಿ ತುಂಬಿ, ಆಮೇಲೆ ಅತ್ತೆಯನ್ನು ಮಣೆಯ ಮೇಲೆ ಕೂರಿಸಿದರು. ಇದು ಬೀಗರ ಕಡೆಯ ಹಿರಿಯರಿಗೆ ಮಾಡುವ ಮರ್ಯಾದೆ ಅಂದುಕೊಂಡು ಅತ್ತೆ ಎದ್ದು ಬೇಡ ಅನ್ನಲು ಹೋದರು. ಪದ್ಮವ್ವ ಭುಜ ಒತ್ತಿ ಕೂರಿಸಿ, "ಬೀಗತಿ ಅಂತ ಅಲ್ಲಕ್ಕಾರ, ಊರ ಮಗಳ ಅಂತ" ಅಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಖಣ. ಪಂಚಮಿಗೆ ಈ ಮನೆಗೇ ಬರಬೇಕು ಅಂತ ಮಾತು ತೆಗೆದುಕೊಂಡರು.

ಗಾಡಿಯಲ್ಲಿ ಅತ್ತೆ ಉಡಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತರು. ಚೀಲಕ್ಕೆ ಹಾಕಿಕೊಳ್ಳಿ ಅಂದರೆ ಕೇಳಲಿಲ್ಲ. ಹಾಗೇ ನಿದ್ದೆ ಹೋದರು. ಮುಂದಿನ ಸೀಟಿನಲ್ಲಿದ್ದ ಮಾವ ಹಿಂದಕ್ಕೆ ಹೊರಳಿ ಒಮ್ಮೆ ನೋಡಿ, ದನಿ ತಗ್ಗಿಸಿ ನನಗೆ ಹೇಳಿದರು:

"ಆ ಉಂಡಿ ಬಸ್ ಸ್ಟ್ಯಾಂಡ್ ಅಂಗಡೀವು, ರಾಜಶ್ರೀ. ಆ ಅಂಗಡಿಯಾಂವ ನನ್ನ ಗಿರಾಕಿ. ಮೊದಲನೇ ವರ್ಷನ ಹೇಳಿದ್ದ. ಈಕಿಗೆ ಹೇಳಬ್ಯಾಡ."

ಒಳಗಿನಿಂದ ಒಂದೊಂದು ಉತ್ತರ ಬಂದಾಗಲೂ ಈ ಒಂದು ಮಾತಿನಿಂದ ಅತ್ತೆಯ ಬಾಯಿ ಮುಚ್ಚಿಸಬಹುದಾಗಿತ್ತು. ಇಲ್ಲದ ಆನೆಯ ಬಗ್ಗೆ ಊರಿಗೆಲ್ಲ ಹೇಳಿದ ಮನುಷ್ಯ, ಮುಧೋಳದ ಬಗ್ಗೆ ತಮಗೆ ಗೊತ್ತಿದ್ದ ಈ ಒಂದು ಖರೆ ಸಂಗತಿಯನ್ನು ಯಾರಿಗೂ ಹೇಳದೆ, ಅಂಗಡಿಯ ಉಂಡಿಯನ್ನು ತವರಿನ ಉಂಡಿ ಅಂತಲೇ ತಿಂದಿದ್ದರು.

ಮರುದಿನ ಅತ್ತೆ ಉಡಿಯ ಅಕ್ಕಿಯಿಂದಲೇ ಅನ್ನ ಮಾಡಿದರು. ಜಮಖಂಡಿಯನ್ನು ಊಟಕ್ಕೆ ಕರೆ ಅಂತ ನನಗೆ ಹೇಳಿದರು. ಮಾವ ಬಂದು ಕೂತು, ಮೊದಲ ತುತ್ತು ಬಾಯಿಗಿಟ್ಟು, ಅನ್ನ ಸ್ವಲ್ಪ ಬಿರುಸು, ಜಮಖಂಡಿಯ ಅಕ್ಕಿಯಾಗಿದ್ದರೆ ಮಲ್ಲಿಗೆಯ ಹಾಗೆ ಆಗುತ್ತಿತ್ತು ಅಂದರು. ಜಮಖಂಡಿಯಲ್ಲಿ ಬೆಳೆಯುವುದು ಕಬ್ಬು, ಜೋಳ; ಅಕ್ಕಿ ಎಲ್ಲಿಂದ ಬರಬೇಕು? ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಕಣ್ಣಲ್ಲೇ ಬೇಡ ಅಂದು ಇನ್ನೊಂದು ಸೌಟು ಬಡಿಸಿದರು.